ಸೈಲೆನ್ಸರ್ ತಿನ್ನುವುದು ಹೊರಗಿನ ಮಳೆಯಷ್ಟೇ ಅಲ್ಲ
ಕೊಡಗಿನ ಮಳೆಯಿಂದಲೇ ಸೈಲೆನ್ಸರ್ ತುಕ್ಕು ಹಿಡಿಯುತ್ತದೆ ಅಂತ ಬರೆದಿದ್ದೀರಿ. ಅದು ಅರ್ಧ ಸರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟಿ, ಆವಿಯಾಗಿ ಹೊಗೆಯ ಜೊತೆ ಸೈಲೆನ್ಸರ್‌ಗೆ ಬರುತ್ತದೆ. ತೋಟದಿಂದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಸೈಲೆನ್ಸರ್‌ನ ಹಿಂದಿನ ಡಬ್ಬಿ ಸರಿಯಾಗಿ ಕಾಯುವುದೇ ಇಲ್ಲ. ಆಮ್ಲ ಬೆರೆತ ಆ ನೀರು ಅಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಎಷ್ಟೋ ಗಾಡಿಗಳಲ್ಲಿ ಡಬ್ಬಿಯ ಅಡಿಗೆ ಒಂದು ಸಣ್ಣ ತೂತಿರುತ್ತದಲ್ಲ, ಅದು ನೀರಿಳಿಯಲೆಂದೇ ಇಟ್ಟದ್ದು. ಎಸ್ಟೇಟ್ ರಸ್ತೆಯ ಕೆಸರು ಅದನ್ನು ಮುಚ್ಚುತ್ತದೆ, ಇಲ್ಲವೇ ಯಾರೋ ಪುಣ್ಯಾತ್ಮರು ಲೀಕ್ ಅಂತ ವೆಲ್ಡಿಂಗ್ ಮಾಡಿಬಿಟ್ಟಿರುತ್ತಾರೆ! ಬದಲಿ ಸೈಲೆನ್ಸರ್‌ಗೆ 'ಅಗ್ಗದ್ದೇ ಸಾಕು' ಎಂಬ ನಿಮ್ಮ ಸಲಹೆ ಹೈವೇಯಲ್ಲಿ ದೂರ ಓಡುವವರಿಗಾದರೆ ಸರಿ. ನಮಗೆ ಸಾದಾ ತಗಡು ಬಾಳುವುದಿಲ್ಲ, ಸ್ಟೇನ್‌ಲೆಸ್ ಇಲ್ಲವೇ ಅಲ್ಯೂಮಿನಿಯಂ ಲೇಪನದ್ದೇ ಆಗಬೇಕು.