ಜಾಗ ಇಲ್ಲ ಅನ್ನೋದು ಅರ್ಧ ಸುಳ್ಳು

ಹಾಸನದ ಕಾಲೇಜುಗಳ ಕಡೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋದ್ರೆ ಗೇಟಿಂದ ಬೈಕ್ ಸ್ಟ್ಯಾಂಡ್‌ವರೆಗೂ ಬರೀ ಹಾರ್ನು. ‘ಬೈಕ್ ನಿಲ್ಲಿಸೋಕೆ ಜಾಗ ಸಾಲ್ತಿಲ್ಲ, ಇನ್ನೊಂದು ಶೆಡ್ ಹಾಕಿಸಿ’ ಅಂತ ಎಲ್ಲರ ಗೋಳು. ಶೆಡ್ ಆಮೇಲೆ ಹಾಕಿಸೋಣ. ಮೊದಲು ಇರೋ ಶೆಡ್ಡಿಗೆ ಗೆರೆ ಎಳೀರಿ ಸ್ವಾಮಿ.

100 ಅಡಿ ಉದ್ದ, 20 ಅಡಿ ಅಗಲದ ಶೆಡ್ ಅಂತ ಇಟ್ಕೊಳ್ಳಿ. ಒಂದು ಬೈಕಿಗೆ ಎರಡೂವರೆ ಅಡಿ ಅಗಲ, 7 ಅಡಿ ಉದ್ದ ಕೊಡಿ. ಎರಡೂ ಬದಿಗೆ ಒಂದೊಂದು ಸಾಲು, ನಡುವೆ 6 ಅಡಿ ದಾರಿ. ಸಾಲಿಗೆ 40ರಂತೆ 80 ಗಾಡಿ ಆರಾಮಾಗಿ ಹಿಡಿಸುತ್ತೆ. ಗೆರೆ ಇಲ್ಲ ಅಂದ್ರೆ ಒಬ್ಬೊಬ್ಬರೂ ಮೂರೂವರೆ ಅಡಿ ಹಿಡ್ಕೋತಾರೆ, ಸಾಲಿಗೆ 28ಕ್ಕೆ ಮುಗೀತು. ಉಳಿದ 24 ಗಾಡಿ ಎಲ್ಲಿಗೆ ಹೋಗ್ಬೇಕು? ನಡುವಿನ ದಾರಿಗೇ. ಬೆಲ್ ಆಗಿರುತ್ತೆ, ಅಲ್ಲೇ ನಿಲ್ಲಿಸಿ, ಹ್ಯಾಂಡಲ್ ಲಾಕ್ ಹಾಕಿ ಓಡ್ತಾರೆ. ಲಾಕ್ ಬಿದ್ದ ಗಾಡಿ ನೆಟ್ಟಗೆ ಉರುಳಲ್ಲ, ಮುಂದಿನ ಚಕ್ರ ಎತ್ತಿ ಎತ್ತಿ ಸರಿಸ್ಬೇಕು. 106 ಕೆಜಿ ಆಸುಪಾಸಿನ ಆಕ್ಟಿವಾ ಆದ್ರೆ ಇಬ್ಬರು ಸೇರಿ ಸರಿಸ್ತಾರೆ. 195 ಕೆಜಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಆದ್ರೆ ಓನರ್ ಬರೋವರೆಗೂ ಕಾಯೋದೇ. ಹಾಗಂತ ಲಾಕ್ ಹಾಕ್ಬೇಡಿ ಅನ್ನೋಕಾಗಲ್ಲ, ಕಳ್ಳತನ ಆದ್ರೆ ಯಾರು ಹೊಣೆ? ದಾರಿ ಖಾಲಿ ಇದ್ರೆ ಲಾಕ್ ಯಾರಿಗೂ ತೊಂದರೆ ಕೊಡಲ್ಲ.

ಇನ್ನು ಮಳೆಗಾಲ. ಶೆಡ್ ತುಂಬಿದ ಮೇಲೆ ಮಣ್ಣಲ್ಲಿ ನಿಲ್ಲಿಸ್ತಾರಲ್ಲ, ಅಲ್ಲಿ ಅಸಲಿ ತಮಾಷೆ. ಸೈಡ್ ಸ್ಟ್ಯಾಂಡಿನ ತುದಿ ಎರಡು ಬೆರಳಗಲ ಇದ್ರೆ ಹೆಚ್ಚು. ಬೆಳಿಗ್ಗೆ ಗಟ್ಟಿ ಇದ್ದ ನೆಲ ಮಧ್ಯಾಹ್ನದ ಮಳೆಗೆ ಮೆತ್ತಗಾಗಿ ಸ್ಟ್ಯಾಂಡ್ ಇಳಿಯುತ್ತೆ. ಎಲ್ಲ ಬೈಕೂ ಎಡಕ್ಕೇ ವಾಲಿರೋದ್ರಿಂದ ಒಂದು ಬಿದ್ರೆ ಪಕ್ಕದ್ದನ್ನೂ ಎಳ್ಕೊಂಡು ಸಾಲಿಗೆ ಸಾಲೇ ಮಲಗುತ್ತೆ. ಪೆಟ್ಟು ಬೀಳೋದು ಕ್ಲಚ್ ಲಿವರ್‌ಗೆ, ಎಡಗಡೆ ಮಿರರ್‌ಗೆ, ಇಂಡಿಕೇಟರ್‌ಗೆ. ಡಬಲ್ ಸ್ಟ್ಯಾಂಡ್ ಇದ್ರೆ ಅದನ್ನೇ ಹಾಕಿ, ಗಾಡಿ ನೆಟ್ಟಗೆ ನಿಲ್ಲೋದ್ರಿಂದ ಜಾಗಾನೂ ಉಳಿಯುತ್ತೆ. ಇಲ್ಲದಿದ್ರೆ ಅಂಗೈ ಅಗಲದ ಗ್ರಾನೈಟ್ ಚೂರು ಕೊಡಿ ಸ್ಟ್ಯಾಂಡಿನ ಕೆಳಗೆ. ಹೆಂಚಿನ ಚೂರು ಬೇಡ, ಭಾರಕ್ಕೆ ಒಡೆಯುತ್ತೆ. ಇಳಿಜಾರಿದ್ರೆ ಮುಂದಿನ ಚಕ್ರ ಏರಿನ ಕಡೆಗಿರಲಿ, ಫಸ್ಟ್ ಗೇರಲ್ಲಿ ಬಿಡಿ.

ಬೈಕ್ ಶೆಡ್ಡಿಗೆ ಕಾರು ನುಗ್ಗಿಸೋ ಮೇಷ್ಟ್ರುಗಳಿಗೊಂದು ಮಾತು: ನಿಮ್ಮ ಒಂದು ಕಾರು ತಿನ್ನೋದು ಏಳು ಬೈಕಿನ ಜಾಗ. ನೆರಳು ಬೇಕಾದ್ರೆ ಮರ ಇದೆ.

ಕಾಲೇಜಿನ ಹೊರಗೆ ರೋಡಲ್ಲಿ ನಿಂತಿರೋ ಗಾಡಿಗಳ ಕಥೆಯೇ ಬೇರೆ. ಅದರಲ್ಲಿ ಪಿಯುಸಿ ಹುಡುಗರದ್ದೂ ಇರುತ್ತೆ. 18 ತುಂಬಿಲ್ಲ, ಡಿಎಲ್ ಇಲ್ಲ, ಒಳಗೆ ತಂದ್ರೆ ವಾಚ್‌ಮನ್ ಕೇಳ್ತಾನೆ ಅಂತ ಆಚೆ ನಿಲ್ಲಿಸ್ತಾರೆ. ಅಪ್ಪ ಅಮ್ಮಂದಿರೇ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಗ ಅಪ್ರಾಪ್ತ ವಯಸ್ಸಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ಆರ್‌ಸಿ 12 ತಿಂಗಳು ರದ್ದು.

ಗೆರೆ ವಿಷಯಕ್ಕೆ ಬಂದ್ರೆ, ಸಿಮೆಂಟ್ ನೆಲಕ್ಕೆ ಪೇಂಟ್ ಹೊಡೀರಿ. ಮಣ್ಣಿನ ಮೇಲೆ ಸುಣ್ಣದ ಪುಡಿ ಒಂದೇ ಮಳೆಗೆ ಹೋಗುತ್ತೆ, ಅಲ್ಲಿ ಇಟ್ಟಿಗೆ ಸಾಲನ್ನ ನೆಲದ ಮಟ್ಟಕ್ಕೆ ಹೂಳಿ. ಎಂಟೂವರೆಯಿಂದ ಒಂಬತ್ತೂಕಾಲರವರೆಗೆ ಒಬ್ಬ ವಾಚ್‌ಮನ್ ಶೆಡ್ಡಲ್ಲಿ ನಿಂತು, ಕೊನೆ ತುದಿಯಿಂದ ತುಂಬಿಸ್ಕೊಂಡು ಬರಲಿ. ಮೊದಲು ಬಂದೋರು ಬಾಗಿಲಲ್ಲೇ ನಿಲ್ಲಿಸಿದ್ರೆ ಹಿಂದಿನ ಅರ್ಧ ಶೆಡ್ ಖಾಲಿ ಬಿದ್ದಿರುತ್ತೆ, ಒಳಗೆ ಹೋಗೋಕೆ ದಾರಿ ಇರಲ್ಲ.