ತುಂಬಿದ ಟ್ಯಾಂಕ್ ತುಳುಕುವುದಿಲ್ಲ

ಪೆಟ್ರೋಲ್ ಟ್ಯಾಂಕಿನಲ್ಲಿ ಕಸ ಸೇರಿದ ಕಾರು ಪೂರ್ತಿ ಕೆಡುವುದಿಲ್ಲ, ಪೂರ್ತಿ ಓಡುವುದೂ ಇಲ್ಲ. ಏರು ಕಂಡರೆ ಮುಗ್ಗರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ನಮ್ಮ ಮಾವನವರ ಕಾರ್ಬೊರೇಟರ್ ಕಾಲದ ಮಾರುತಿ 800 ಆಗುಂಬೆ ಘಾಟಿಯ 14 ತಿರುವುಗಳನ್ನು ಹೀಗೇ ನಿಂತು ನಿಂತು ಹತ್ತಿತು. ನಿಂತಾಗಲೆಲ್ಲ ಅತ್ತೆ ಒಬ್ಬೊಬ್ಬ ದೇವರಿಗೆ ಹರಕೆ ಹೊತ್ತರು. ಪ್ರತಿ ಸಲವೂ ಕಾರು ಹೊರಟಿತು. ಮೇಲೆ ತಲುಪುವಷ್ಟರಲ್ಲಿ ಕರಾವಳಿಯ ದೇವರೆಲ್ಲ ಮುಗಿದು ಘಟ್ಟದ ಮೇಲಿನವರ ಪಾಳಿ ಶುರುವಾಗಿತ್ತು.

ಪಂಪು ಎಳೆದಾಗ ತುಕ್ಕಿನ ಚಕ್ಕೆಗಳು ಪೈಪಿನ ಬಾಯಿಯ ಜಾಲರಿಗೆ ಅಂಟುತ್ತವೆ, ಎಂಜಿನ್ ನಿಂತರೆ ಎಳೆತ ನಿಂತು ತಾವೇ ಉದುರುತ್ತವೆ ಎಂದು ನಾನು ವಿವರಿಸಿದೆ. ‘ಉದುರಿಸಿದ್ದು ಯಾರು ಹಂಗಾದ್ರೆ?’ ಎಂದರು ಅತ್ತೆ. ಮುಂದೆ ನಾನು ಮಾತಾಡಲಿಲ್ಲ.

ಟ್ಯಾಂಕ್ ಇಳಿಸಲು ಬಂದ ಮೆಕ್ಯಾನಿಕ್ ಹುಡುಗ ಕಾರನ್ನು ನೋಡುವ ಮೊದಲು ನೋಡಿದ್ದು ಬಚ್ಚಲ ಹೊಗೆಯನ್ನು. ‘ಅಮ್ಮಾ, ಹಂಡೆ ಒಲೆ ಆರಿಸಿ.’ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತೆವಳಿ ಹೋಗಿ ಎಲ್ಲೋ ಇರುವ ಬೆಂಕಿಯನ್ನು ಮುಟ್ಟಿ ಬರುತ್ತದೆ. ಒಲೆ ಆರಿತು. ಒಲೆಯಿಲ್ಲದೆ ಮಾವನವರಿಗೆ ಸ್ನಾನವಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಮನೆಯಲ್ಲಿ ಯಾರಿಗೂ ತಿಂಡಿಯಿಲ್ಲ. ಸುರಕ್ಷತೆಯ ಈ ಭಾಗವನ್ನು ಯಾರೂ ಮೊದಲೇ ಹೇಳುವುದಿಲ್ಲ.

ಹುಡುಗ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿಸಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ. ಅಷ್ಟರಲ್ಲಿ ಕೇರಿಯ ತಜ್ಞರು ನೆರೆದಿದ್ದರು. ಒಬ್ಬರು ಪೈಪ್ ಬಾಯಿಗಿಟ್ಟು ಎಳೆದುಕೊಡಲು ಮುಂದಾದರು. ಟ್ರ್ಯಾಕ್ಟರಿನ ಡೀಸೆಲ್ ಅವರು ತೆಗೆಯುವುದೇ ಹಾಗಂತೆ. ಪೆಟ್ರೋಲ್ ಶ್ವಾಸಕೋಶಕ್ಕಿಳಿದರೆ ಆಸ್ಪತ್ರೆಯೇ ಗತಿ ಎಂದು ಹುಡುಗ ಕೈಪಂಪು ತೆಗೆದ. ಇನ್ನೊಬ್ಬರು ಪ್ಲಾಸ್ಟಿಕ್ ಬಕೆಟ್ ತಂದರು. ಸ್ಥಾಯಿ ವಿದ್ಯುತ್ತಿನ ಕಿಡಿ ಹಾರೀತೆಂದು ಅದೂ ವಾಪಸಾಯಿತು.

ಎಲ್ಲ ಬಸಿದಾದ ಮೇಲೆ ಮೂರನೆಯವರು ನಿರಾಳವಾಗಿ ಬೀಡಿ ತೆಗೆದರು. ‘ಖಾಲಿ ಆಯ್ತಲ್ಲ, ಇನ್ನೇನು ಹೆದರಿಕೆ?’

ಹುಡುಗ ಕಿರುಚಿದ ರಭಸಕ್ಕೆ ಕೊಟ್ಟಿಗೆಯ ಎಮ್ಮೆಯೂ ಎದ್ದು ನಿಂತಿತು. ಹೊತ್ತಿಕೊಳ್ಳುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಅದು ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಕಡಿಮೆ, ಇರುವಲ್ಲೂ ಆವಿ ಅತಿಯಾಗಿ ದಟ್ಟ. ಬಸಿದಿಟ್ಟದ್ದರಲ್ಲಿ ಗಾಳಿ ಹೊಕ್ಕು ಬೇಕಾದ ಹದಕ್ಕೆ ಬರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದವರು ಪೆಟ್ರೋಲ್ ಟ್ಯಾಂಕ್ ಕಂಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ.

ಇಳಿಸಿದ ಟ್ಯಾಂಕನ್ನು ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಆವಿ ಹೋಗಲಾಡಿಸಿದ ಮೇಲೆ, ಒಳಗೆ ಸಣ್ಣ ಸರಪಳಿ ಬಿಟ್ಟು, ಬೀಡಿಯವರೂ ಬಕೆಟಿನವರೂ ಎರಡು ತುದಿ ಹಿಡಿದು ತೊಟ್ಟಿಲಿನಂತೆ ತೂಗಿದರು. ತುಕ್ಕು ಬಿಡಿಸಲು ರಾತ್ರಿಯಿಡೀ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರು, ಬೆಳಿಗ್ಗೆ ಅಡುಗೆ ಸೋಡದ ನೀರು. ಬೋರಲು ಹಾಕಿದಾಗ ಕೆಂಪು ಕೆಸರು, ಚಕ್ಕೆ, ಕೊನೆಗೆ ಒಂದು ಬಟ್ಟೆಯ ಚೂರು ಜಾರಿ ಬಿತ್ತು. ಮುಚ್ಚಳ ಕಳೆದಾಗ ಯಾರೋ ತುರುಕಿದ್ದು ಒಳಗೇ ಹೋಗಿತ್ತು.

ಅತ್ತೆ ಅದನ್ನು ಹಿಂಡಿ, ಬಿಡಿಸಿ, ಅಂಚನ್ನು ನೋಡಿದರು. ‘ಇದು ನನ್ನ ತಂಗಿ ಮದುವೆಲಿ ಉಟ್ಟ ಸೀರೆ ಅಲ್ವಾ?’

ಮಾವನವರು ತೋಟಕ್ಕೆ ನೀರು ಬಿಡಬೇಕೆಂದು ಹೊರಟೇಬಿಟ್ಟರು. ಹಿಂದಿನ ರಾತ್ರಿಯಷ್ಟೇ ಹಳ್ಳ ತುಂಬುವ ಮಳೆ ಬಂದಿತ್ತು.