ಕೇಳದೆ ಬೂಟ್ ಕ್ರಮ ಬದಲಿಸುವ ಹಕ್ಕು ಯಾವ ಸಿಸ್ಟಂಗೂ ಇಲ್ಲ

ಇಂದು ಬೆಳಿಗ್ಗೆ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಆನ್ ಮಾಡಿದಾಗ ದಿನವೂ ಕಾಣಿಸುವ ಆಯ್ಕೆಯ ಮೆನು ಕಾಣಿಸಲೇ ಇಲ್ಲ. ಅದರಲ್ಲಿರುವ ಮೂರು ಆಪರೇಟಿಂಗ್ ಸಿಸ್ಟಂಗಳ ಪೈಕಿ ಒಂದು ನಿನ್ನೆ ರಾತ್ರಿ ಅಪ್‌ಡೇಟ್ ಆಗಿತ್ತು. ಅಪ್‌ಡೇಟ್ ಮುಗಿಯುವ ಹೊತ್ತಿಗೆ ಅದು ಬೂಟ್ ಕ್ರಮದಲ್ಲಿ, ಅಂದರೆ ಯಂತ್ರ ಆನ್ ಆದಾಗ ಯಾವ ಸಿಸ್ಟಂ ಮೊದಲು ಶುರುವಾಗಬೇಕೆಂಬ ಪಟ್ಟಿಯಲ್ಲಿ, ತನ್ನನ್ನೇ ಮೊದಲು ಇಟ್ಟುಕೊಂಡು, ಉಳಿದೆರಡರ ದಾರಿಯನ್ನು ಮುಚ್ಚಿಬಿಟ್ಟಿತ್ತು. ಮೊದಲು ನನ್ನನ್ನು ಕೇಳಲಿಲ್ಲ, ಆಮೇಲಾದರೂ ತಿಳಿಸಲಿಲ್ಲ. ಯಾವುದೆಂದು ಹೆಸರಿಸಲು ಹೋಗುವುದಿಲ್ಲ, ಏಕೆಂದರೆ ಈ ವಿಷಯದಲ್ಲಿ ಮೂರಕ್ಕೂ ಇರುವುದು ಒಂದೇ ಬುದ್ಧಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಂಬ ಉಚಿತ ಸಿಸ್ಟಂ ಬೂಟ್ ಮಾಡಿ ಎಲ್ಲವನ್ನೂ ಸರಿಪಡಿಸಿದ್ದಾಯಿತು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಈ ಯಂತ್ರದ ಕಥೆ ಇಲ್ಲಿರುವ ಬಹುತೇಕ ಗೆಳೆಯರಿಗೆ ಗೊತ್ತಿದೆ. 2013ರದ್ದು, ಎಂಟು ಜಿಬಿ ರ‍್ಯಾಮ್. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಈಗಲೂ ಚುರುಕಾಗಿಯೇ ಓಡುತ್ತದೆ. ದಿನದ ಬರವಣಿಗೆ, ಓದು, ಬ್ಯಾಂಕ್ ಕೆಲಸಗಳೆಲ್ಲ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಲ್ಲಿ ನಡೆಯುತ್ತವೆ. ನನ್ನ ಸ್ಕ್ಯಾನರಿಗೆ ವಿಂಡೋಸ್‌ನಲ್ಲಿ ಬಿಟ್ಟು ಬೇರೆಲ್ಲೂ ಡ್ರೈವರ್ ಇಲ್ಲದ ಕಾರಣ ವಿಂಡೋಸ್ 10 ಕೂಡ ಉಳಿದಿದೆ. ಡಿಸ್ಕಿನ ಇನ್ನೊಂದು ಚಿಕ್ಕ ಪಾರ್ಟಿಷನ್‌ನಲ್ಲಿ, ಅಂದರೆ ಪ್ರತ್ಯೇಕ ಭಾಗದಲ್ಲಿ, ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಇದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇದರಲ್ಲಿಲ್ಲ, ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇಂಟೆಲ್‌ನ ಮಟ್ಟಿಗೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಶುರುವಾಗುವುದರಿಂದ ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಿರುವಾಗ ಒಂದೇ ಯಂತ್ರದಲ್ಲಿ ಹಲವು ಸಿಸ್ಟಂ ಇಟ್ಟುಕೊಳ್ಳುವುದು ನನಗೆ ಹವ್ಯಾಸವಲ್ಲ, ಇನ್ನೂ ದುಡಿಯಬಲ್ಲ ಯಂತ್ರವೊಂದನ್ನು ಕಸಕ್ಕೆ ಹಾಕದಿರುವ ದಾರಿ.

ಹಿಂದೆ ಒಂದು ಸಿಸ್ಟಂ ಇನ್ನೊಂದರ ದಾರಿ ಮುಚ್ಚುತ್ತಿದ್ದುದಕ್ಕೆ ಒಂದು ಕಾರಣವಾದರೂ ಇತ್ತು. ಎಂಬಿಆರ್ ಎಂಬ ಹಳೆಯ ಬೂಟ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟುಗಳಲ್ಲೇ ಎಲ್ಲವೂ ಅಡಗಬೇಕಿತ್ತು. ಬೂಟ್ ಕೋಡಿಗೆ 446 ಬೈಟು, ಪಾರ್ಟಿಷನ್ ಪಟ್ಟಿಗೆ 64 ಬೈಟು, ಆ ಪಟ್ಟಿಯಲ್ಲಿ ನಾಲ್ಕೇ ನಾಲ್ಕು ನಮೂದು. ಜಾಗ ಒಂದೇ ಆದ್ದರಿಂದ ಕೊನೆಯಲ್ಲಿ ಇನ್‌ಸ್ಟಾಲ್ ಆದ ಸಿಸ್ಟಂ ಹಿಂದಿನದರ ಕೋಡನ್ನು ಅಳಿಸಿಯೇ ತನ್ನದನ್ನು ಬರೆಯಬೇಕಿತ್ತು. ಅದನ್ನು ನಾನು ಕ್ಷಮಿಸುತ್ತೇನೆ. ಆದರೆ ಯುಇಎಫ್‌ಐ ಎಂಬ ಹೊಸ ಬೂಟ್ ಪದ್ಧತಿ ಬಂದ ಮೇಲೆ ಆ ಇಕ್ಕಟ್ಟು ಉಳಿದಿಲ್ಲ. ಬೂಟ್‌ಗೆಂದೇ ಫ್ಯಾಟ್32 ಮಾದರಿಯ ಪ್ರತ್ಯೇಕ ಪಾರ್ಟಿಷನ್ ಇದೆ, ಅದರೊಳಗೆ ಪ್ರತಿ ಸಿಸ್ಟಂಗೂ ತನ್ನದೇ ಫೋಲ್ಡರ್ ಇದೆ, ಯಾವುದರ ನಂತರ ಯಾವುದು ಎಂಬ ಕ್ರಮವನ್ನು ಮದರ್‌ಬೋರ್ಡಿನ ಮೆಮೊರಿ ನೆನಪಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಜಾಗವಿದ್ದೂ ಒಬ್ಬರ ಮೇಲೊಬ್ಬರು ಬೀಳುವುದು ಅನಿವಾರ್ಯತೆಯಲ್ಲ. ಬಾಡಿಗೆಗೆ ಬಂದವರು ಮನೆಯ ಮುಂಬಾಗಿಲಿನ ಬೀಗವನ್ನೇ ಬದಲಿಸಿ, ಕೀಲಿಕೈಯನ್ನು ತಮ್ಮಲ್ಲೇ ಇಟ್ಟುಕೊಂಡಂತೆ ಇದು.

ಬೆಳಿಗ್ಗೆ ಟರ್ಮಿನಲ್‌ನಲ್ಲಿ ಬೂಟ್ ನಮೂದುಗಳನ್ನು ತೆರೆದು ನೋಡಿದೆ. ಮೂರೂ ಹೆಸರುಗಳು ಹಾಗೆಯೇ ಇದ್ದವು. ಮೂರೂ ಫೋಲ್ಡರ್‌ಗಳು ಇದ್ದವು, ಒಂದು ಫೈಲೂ ಅಳಿದಿರಲಿಲ್ಲ. ಮೊದಲು 0000, 0001, 0002 ಎಂದಿದ್ದ ಸಾಲು 0002, 0000, 0001 ಎಂದಾಗಿತ್ತು, ಅಷ್ಟೇ. ಹಳೆಯ ಕ್ರಮವನ್ನು ಮತ್ತೆ ಬರೆಯಲು ಒಂದು ಸಾಲಿನ ಆದೇಶ ಸಾಕಾಯಿತು. ಬದಲಿಸಲು ಇಷ್ಟು ಸುಲಭವಾದದ್ದನ್ನು ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳುವುದು ಇನ್ನೆಷ್ಟು ಕಷ್ಟವಿದ್ದೀತು?

ಲಿನಕ್ಸ್ ಪಕ್ಷದವರು ಇದನ್ನು ಓದಿ ವಿಂಡೋಸ್ ಕಡೆಗೆ ಬೆರಳು ತೋರಿಸುವುದು ಬೇಡ. ಮಿಂಟ್ ತನ್ನ ಬೂಟ್ ಫೈಲುಗಳನ್ನು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಹೆಸರಿನ ಫೋಲ್ಡರಿನಲ್ಲೇ ಇಡುತ್ತದೆ, ಹಾಗಾಗಿ ಮಿಂಟ್ ಮತ್ತು ಉಬುಂಟು ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿದವರು ಒಂದು ಇನ್ನೊಂದರ ಫೈಲುಗಳ ಮೇಲೆಯೇ ಬರೆಯುವುದನ್ನು ನೋಡಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಬೂಟ್ ಮೆನು ತೋರಿಸುವ ಬೂಟ್‌ಲೋಡರ್ ಗ್ರಬ್. 2021ರಲ್ಲಿ ಬಂದ ಅದರ 2.06 ಆವೃತ್ತಿಯಿಂದ ಈಚೆಗೆ, ಡಿಸ್ಕಿನಲ್ಲಿ ಬೇರೆ ಯಾವ ಸಿಸ್ಟಂಗಳಿವೆ ಎಂದು ಹುಡುಕಿ ಮೆನುವಿಗೆ ಸೇರಿಸುವ ವ್ಯವಸ್ಥೆ ಮೂಲ ಸೆಟ್ಟಿಂಗ್‌ನಲ್ಲೇ ಬಂದ್ ಆಗಿರುತ್ತದೆ. ವಿಂಡೋಸ್‌ನದ್ದು ಬೇರೆ ಬಗೆ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ನಾವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಸಿಸ್ಟಂನ ತಿರುಳಾದ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆಗ ಲಿನಕ್ಸ್ ಕಡೆಯಿಂದ ಆ ಪಾರ್ಟಿಷನ್ನಿನ ಫೈಲುಗಳನ್ನು ಓದಬಹುದೇ ಹೊರತು ಬದಲಿಸಲಾಗುವುದಿಲ್ಲ. ಗಡಿಯಾರದ ಜಗಳವೂ ಇದೇ ಜಾತಿಯದು: ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಸಮಯವೆಂದು ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ತಪ್ಪುತ್ತದೆ. ತಾನೊಬ್ಬನೇ ಇಲ್ಲಿರುವುದು ಎಂದು ಇವೆಲ್ಲವೂ ನಂಬಿಕೊಂಡು ಕುಳಿತಿವೆ.

ಸುರಕ್ಷತೆಯ ಮಾತನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಗ್ರಬ್‌ನಲ್ಲಿ 2020ರಲ್ಲಿ ಬೂಟ್‌ಹೋಲ್ ಎಂಬ ಗಂಭೀರ ದೋಷ ಬಯಲಾದದ್ದು ನಿಜ, ದೋಷವಿರುವ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯಬೇಕೆಂಬುದೂ ನಿಜ. ಆದರೆ 2024ರ ಆಗಸ್ಟಿನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಅಂಥದ್ದೇ ಒಂದು ತಡೆಯನ್ನು ಹೊತ್ತ ವಿಂಡೋಸ್ ಅಪ್‌ಡೇಟ್, ಎರಡು ಸಿಸ್ಟಂಗಳಿರುವ ಯಂತ್ರಗಳಿಗೆ ಅನ್ವಯಿಸುವುದಿಲ್ಲ ಎಂಬ ಭರವಸೆಯೊಂದಿಗೆ ಬಂದು, ಕೊನೆಗೆ ಅಂಥ ಹಲವು ಯಂತ್ರಗಳಲ್ಲೇ ಲಿನಕ್ಸ್ ಬೂಟ್ ಆಗದಂತೆ ಮಾಡಿತು. ನಂಬಿಕೆಯ ಸಹಿಯಿಲ್ಲದ ಬೂಟ್‌ಲೋಡರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ನಮ್ಮಲ್ಲಿ ಆಫ್ ಇದ್ದದ್ದರಿಂದ ಅದು ನನಗೆ ತಟ್ಟಲಿಲ್ಲ. ಸುರಕ್ಷತೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಸಿಸ್ಟಂ ಇದೆಯೇ ಎಂದು ಸರಿಯಾಗಿ ನೋಡಿ, ಇದ್ದರೆ ಬಳಸುವವರಿಗೆ ತಿಳಿಸಿ ಮುಂದುವರಿಯುವುದರಿಂದ ಯಾವ ಸುರಕ್ಷತೆಗೂ ಧಕ್ಕೆಯಾಗುವುದಿಲ್ಲ.

ವರ್ಚುವಲ್ ಮಷಿನ್ ಬಳಸಿ ಒಂದು ಸಿಸ್ಟಂನ ಒಳಗೇ ಇನ್ನೊಂದನ್ನು ಓಡಿಸಿದರಾಯಿತಲ್ಲ ಎನ್ನುವವರು ಹದಿನಾರೋ ಮೂವತ್ತೆರಡೋ ಜಿಬಿ ರ‍್ಯಾಮ್ ಇರುವ ಯಂತ್ರದ ಮುಂದೆ ಕುಳಿತು ಹೇಳುತ್ತಿರುತ್ತಾರೆ. ಇರುವ ಎಂಟರಲ್ಲಿ ನಾಲ್ಕನ್ನು ಕೊಟ್ಟರೆ ಎರಡೂ ಕುಂಟುತ್ತವೆ. ಇನ್ನು ಪ್ರತಿ ಸಿಸ್ಟಂಗೂ ಬೇರೆ ಬೇರೆ ಡಿಸ್ಕ್ ಹಾಕಿ ಎಂಬುದು ಒಳ್ಳೆಯ ಸಲಹೆ, ಒಪ್ಪುತ್ತೇನೆ. ಆದರೂ ಬೂಟ್ ಕ್ರಮದ ಪಟ್ಟಿ ಇರುವುದು ಮದರ್‌ಬೋರ್ಡಿನಲ್ಲಿ, ಡಿಸ್ಕಿನಲ್ಲಲ್ಲ.

ನನ್ನ ಸಿಟ್ಟಿನ ನಿಜವಾದ ಮೂಲ ಇಂದಿನ ಬೆಳಗಿನದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನ ಕಂಪ್ಯೂಟರಿನಲ್ಲೂ ಹೀಗೆಯೇ ಮೆನು ಮಾಯವಾಯಿತು. ಅವರು ಫೋಟೋಗಳನ್ನೆಲ್ಲ ಇಟ್ಟುಕೊಂಡಿದ್ದದ್ದು ಲಿನಕ್ಸ್ ಕಡೆಯ ಪಾರ್ಟಿಷನ್ನಿನಲ್ಲಿ. ಅದಕ್ಕೆ ಹೋಗುವ ದಾರಿ ಕಾಣದಿದ್ದಾಗ ಎಲ್ಲವೂ ಹೋಯಿತೆಂದೇ ಅವರು ತಿಳಿದರು. ರಿಪೇರಿಗೆ ಬಂದವನೂ ಹಾಗೆಯೇ ತಿಳಿದು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಒಂದೇ ಸಿಸ್ಟಂ ಹಾಕಿಕೊಟ್ಟು ಹೋದ. ಚಿಕ್ಕಪ್ಪ ತೀರಿಕೊಳ್ಳುವ ಮುಂಚಿನ ವರ್ಷದ ಫೋಟೋಗಳು ಅದರಲ್ಲಿದ್ದವು. ಫಾರ್ಮ್ಯಾಟ್ ಮಾಡುವ ಕ್ಷಣದವರೆಗೂ ಅವು ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು ಎಂಬುದನ್ನು ಚಿಕ್ಕಮ್ಮನಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಬೂಟ್ ಕ್ರಮ ಎಂಬುದು ತಾಂತ್ರಿಕರ ಸಣ್ಣ ತಕರಾರು ಎಂದು ಯಾರಾದರೂ ಅಂದರೆ ನನಗೆ ತಡೆಯಲಾಗದಿರುವುದು ಇದಕ್ಕೇ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಇನ್‌ಸ್ಟಾಲ್ ಆಗುವಾಗಲಿ ಅಪ್‌ಡೇಟ್ ಆಗುವಾಗಲಿ, ಬೂಟ್ ಪಟ್ಟಿಯಲ್ಲಿ ಬೇರೆ ಹೆಸರುಗಳು ಕಂಡರೆ ನಿಂತು, ‘ನಿಮ್ಮ ಯಂತ್ರದಲ್ಲಿ ಇನ್ನೂ ಎರಡು ಸಿಸ್ಟಂಗಳಿವೆ, ಈಗಿನ ಕ್ರಮವನ್ನೇ ಉಳಿಸಲೇ?’ ಎಂದು ಕೇಳಲಿ. ಉತ್ತರ ಬರದಿದ್ದರೆ ಇದ್ದದ್ದನ್ನು ಇದ್ದಂತೆಯೇ ಬಿಡಲಿ.

ಹಲವು ಸಿಸ್ಟಂ ಇಟ್ಟುಕೊಂಡಿರುವವರು ಈ ವಾರವೇ ಬೂಟ್ ಪಟ್ಟಿಯನ್ನೂ ಅದರ ಕ್ರಮವನ್ನೂ ಒಂದು ಕಾಗದದಲ್ಲಿ ಬರೆದು ಯಂತ್ರಕ್ಕೇ ಅಂಟಿಸಿಡಿ, ಒಂದು ಪೆನ್‌ಡ್ರೈವ್‌ನಲ್ಲಿ ಬೂಟ್ ಆಗಬಲ್ಲ ಲಿನಕ್ಸ್ ಸಿದ್ಧವಾಗಿಡಿ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಮುಖ್ಯವಾದ ಫೈಲುಗಳ ಪ್ರತಿಯೊಂದನ್ನು ಯಂತ್ರದ ಹೊರಗೂ ಇಡಿ. ಮೆನು ಕಾಣದೆ ಹೋದರೆ ಡಿಸ್ಕ್ ಖಾಲಿಯಾಗಿದೆ ಎಂದು ತಿಳಿಯಬೇಡಿ. ಯಾರಾದರೂ ಫಾರ್ಮ್ಯಾಟ್ ಮಾಡೋಣ ಎಂದರೆ ಅವರನ್ನು ಅಲ್ಲಿಯೇ ನಿಲ್ಲಿಸಿ, ಎಷ್ಟು ಹೊತ್ತಾಗಿದ್ದರೂ ಸರಿ, ಇಲ್ಲೇ ನನಗೊಂದು ಸಂದೇಶ ಕಳುಹಿಸಿ.